ಮೀನು ಹಿಡಿಯುವ ತುಳಿದೋಣಿ: ಆಳಿಗೂ ನೀರಿಗೂ ತಕ್ಕುದನ್ನು ಆರಿಸುವ ಬಗೆ

(ಹರಿಯಬ್ಬೆಯ ಕಡೆಯ ಒಬ್ಬ ಕೃಷಿ ಇನ್‌ಸ್ಪೆಕ್ಟರರಿಂದ)

ಎತ್ತಿನ ಹೆಗಲನ್ನು ನೋಡದೆ ನೊಗವನ್ನು ಕೊಳ್ಳುವ ಬೇಸಾಯಗಾರನು ನಮ್ಮ ಸೀಮೆಯಲ್ಲಿ ಒಬ್ಬನೂ ಇಲ್ಲ. ಎತ್ತರವಾದ ಅಮೃತಮಹಲ್ ಜೋಡಿಗೆ ಒಂದು ಅಳತೆ, ಗಿಡ್ಡ ನಾಟಿ ಎತ್ತುಗಳಿಗೆ ಇನ್ನೊಂದು ಅಳತೆ. ನೇಗಿಲಿನ ಈಸು ಎಷ್ಟು ಉದ್ದವಿರಬೇಕು, ಮೇಣಿಯು ಹೂಡುವವನ ಸೊಂಟಕ್ಕೆ ಬರಬೇಕೇ ಎದೆಗೆ ಬರಬೇಕೇ ಎಂಬುದನ್ನು ವಿಚಾರಿಸಿಯೇ ಊರ ಬಡಗಿಯು ಉಳಿಯನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಆದರೆ ಪಟ್ಟಣದಿಂದ ಬಣ್ಣದ ಚಿತ್ರದೊಡನೆ ಹೊಸ ಯಂತ್ರವೊಂದು ಬಂದಿತೆಂದರೆ, ಈ ವಿವೇಕವು ನಮ್ಮನ್ನು ಬಿಟ್ಟು ಹೋಗುತ್ತದೆ. ಬೆಲೆ ಎಷ್ಟು, ಬಣ್ಣ ಯಾವುದು, ಪಕ್ಕದ ಊರಿನವರು ಕೊಂಡಿದ್ದಾರೆಯೇ ಎಂಬ ಮೂರು ಪ್ರಶ್ನೆಗಳಿಗೇ ವ್ಯಾಪಾರವು ಮುಗಿಯುತ್ತದೆ. ಅದನ್ನು ನಡೆಸತಕ್ಕವನು ಯಾರು, ಅವನ ಮೈಕಟ್ಟು ಎಂತಹುದು ಎಂದು ಕೇಳುವವರಿಲ್ಲ. ಕಾಲಿನಿಂದ ತುಳಿದು ನಡೆಸುವ ಮೀನುದೋಣಿಯ ವಿಷಯದಲ್ಲಿ ಈ ಅಜಾಗರೂಕತೆಯು ಹಣದ ನಷ್ಟಕ್ಕೆ ಮಾತ್ರವಲ್ಲದೆ ಪ್ರಾಣಾಪಾಯಕ್ಕೂ ಕಾರಣವಾಗುವುದರಿಂದ, ಗ್ರಾಮದ ಮುಖಂಡರ ಮತ್ತು ಹಿಡುವಳಿದಾರರ ಗಮನವನ್ನು ಈ ಕಡೆಗೆ ಸೆಳೆಯಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ದೋಣಿಗೂ ಬೇಸಾಯದ ಪತ್ರಿಕೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಕೆರೆಯ ನೀರು ಗದ್ದೆಗೆ ಸಲ್ಲುವಂತೆಯೇ ಕೆರೆಯ ಮೀನು ಊರಿಗೆ ಸಲ್ಲುತ್ತದೆ. ರಾಗಿಯೂ ಜೋಳವೂ ಕೈಕೊಟ್ಟ ವರ್ಷದಲ್ಲಿ ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆಗಳ ಹುಟ್ಟುವಳಿಯಿಂದ ಕೈಗೆ ಬರುವ ನಾಲ್ಕು ಕಾಸು ಸಣ್ಣದೇನೂ ಅಲ್ಲ. ಹಿರಿಯೂರು ತಾಲ್ಲೂಕು ಮಳೆ ಕಡಮೆಯಾದ ಸೀಮೆಯಾದರೂ ನೀರಿಲ್ಲದ ಸೀಮೆಯಲ್ಲ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿರುವ ವಾಣಿವಿಲಾಸ ಸಾಗರವು ಸುಮಾರು 30 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲದು. 130 ಅಡಿಗಳ ಆ ಜಲಾಶಯವು 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿದ್ದಿತ್ತು. ಅದಾದ ಮೇಲೆ 89 ವರ್ಷಗಳ ಕಾಲ ಕೋಡಿಯ ನೀರನ್ನು ಕಾಣದಿದ್ದ ಜನರು 2022ರ ಸೆಪ್ಟೆಂಬರಿನಲ್ಲಿ ಅದನ್ನು ಕಣ್ಣಾರೆ ಕಂಡರು. 2025ರ ಜನವರಿಯಲ್ಲಿ ಅದು ಮತ್ತೆ ತುಂಬಿತು. ಸುವರ್ಣಮುಖಿಯ ಗಾಯತ್ರಿ ಜಲಾಶಯವೂ, ಧರ್ಮಪುರದ ದೊಡ್ಡ ಕೆರೆಯೂ, ಊರೂರಿನ ಸಣ್ಣ ಕೆರೆಗಳೂ ಇವೆ. ನೀರು ನಿಂತ ಮೇಲೆ ಮೀನು, ಮೀನಿನ ಹಿಂದೆ ಬಲೆ, ಬಲೆಯ ಹಿಂದೆ ದೋಣಿ ಬರುವುದು ಸಹಜವೇ ಆಗಿದೆ.

ನಮ್ಮಲ್ಲಿ ಇದುವರೆಗೆ ನಡೆದುಬಂದಿರುವುದು ಹರಿಗೋಲು. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹಿಂದಿನ ಕಾಲದಲ್ಲಿ ಅದಕ್ಕೆ ಚರ್ಮವನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲಗಳನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. ಈಚೆಗೆ ಬಂದಿರುವ ತುಳಿದೋಣಿಯನ್ನು ಮಾರುವವರು ‘ಕಯಾಕ್’ ಎಂಬ ಹೆಸರಿನಿಂದ ಕರೆಯುತ್ತಾರೆ. ಈ ಹೆಸರು ಉತ್ತರ ಧ್ರುವದ ಸಮೀಪದ ಹಿಮಪ್ರದೇಶಗಳಲ್ಲಿ ವಾಸಿಸುವ ಇನ್ಯೂಟ್ ಜನರದು. ಅವರು ನೀರಿನಲ್ಲಿ ತೇಲಿಬಂದ ಮರದಿಂದಲೋ ಮೂಳೆಯಿಂದಲೋ ಚೌಕಟ್ಟನ್ನು ಕಟ್ಟಿ, ಅದರ ಮೇಲೆ ಕಡಲುನಾಯಿಯ ಚರ್ಮವನ್ನು ಬಿಗಿದು ದೋಣಿಯನ್ನು ಮಾಡುತ್ತಿದ್ದರು. ಅಂದರೆ ಅದು ನಮ್ಮ ಹರಿಗೋಲಿನ ದೂರದ ನಂಟನೇ ಸರಿ. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೆಂದರೆ, ಆ ಜನರು ದೋಣಿಯನ್ನು ಅಂಗಡಿಯಿಂದ ತರುತ್ತಿರಲಿಲ್ಲ. ಅದರಲ್ಲಿ ಕೂರತಕ್ಕವನ ಮೈಯಿಂದಲೇ ಅಳತೆಯನ್ನು ತೆಗೆಯುತ್ತಿದ್ದರು. ಉದ್ದವು ಅವನ ತೋಳಿನ ಸುಮಾರು ಮೂರು ಮಾರು. ಕೂರುವ ಸ್ಥಳದ ಅಗಲವು ಅವನ ಸೊಂಟದಷ್ಟು, ಅದರ ಮೇಲೆ ಎರಡು ಮುಷ್ಟಿ. ಗೇಣು, ಮೊಳ, ಮಾರುಗಳಿಂದ ಹೊಲವನ್ನೂ ಹಗ್ಗವನ್ನೂ ಅಳೆದ ನಮಗೆ ಈ ಲೆಕ್ಕವು ಹೊಸದಲ್ಲ. ಆ ಹೆಸರನ್ನು ಹೊತ್ತು ಬಂದಿರುವ ಈಗಿನ ದೋಣಿಯು ಮಾತ್ರ ಅಚ್ಚಿನಲ್ಲಿ ಎರಕ ಹೊಯ್ದು ತೆಗೆದದ್ದು. ಅಚ್ಚಿಗೆ ಮನುಷ್ಯನ ಅಳತೆಯು ತಿಳಿಯದು. ಆದುದರಿಂದ ಅಳೆಯುವ ಹೊಣೆಯು ಮಾಡುವವನಿಂದ ಕೊಳ್ಳುವವನ ಮೇಲೆ ಬಂದಿದೆ.

ಈ ದೋಣಿಯ ಗುಣವನ್ನು ಮೊದಲು ಹೇಳುವುದು ನ್ಯಾಯ. ಮನುಷ್ಯನ ತೋಳಿಗಿಂತ ತೊಡೆಯು ಬಲವಾದುದು. ನಮ್ಮ ಹಿರಿಯರು ಏತದ ಮರದ ಮೇಲೆ ನಡೆದು ನೀರೆತ್ತಿದ್ದು ಈ ಬಲದಿಂದಲೇ. ನೇಕಾರನು ಗುಂಡಿಯ ಮಗ್ಗದಲ್ಲಿ ಕುಳಿತು ಕೈಗಳನ್ನು ಲಾಳಿಗೆ ಬಿಟ್ಟು ಕಾಲಿಗೆ ಕೆಲಸ ಕೊಡುವುದೂ ಇದೇ ಯುಕ್ತಿಯಿಂದಲೇ. ಮೀನುಗಾರನಿಗೆ ಎರಡು ಕೈಗಳೂ ಬಲೆಗೆ ಬೇಕು. ಬ್ರಹ್ಮದೇಶದ ಇನ್ಲೆ ಎಂಬ ಸರೋವರದ ಬೆಸ್ತರು ದೋಣಿಯ ತುದಿಯಲ್ಲಿ ಒಂಟಿ ಕಾಲಿನ ಮೇಲೆ ನಿಂತು, ಇನ್ನೊಂದು ಕಾಲನ್ನು ಹುಟ್ಟಿಗೆ ಸುತ್ತಿ ಮೀಟುತ್ತ, ಕೈಗಳಿಂದ ಬಲೆಯನ್ನು ನಡೆಸುತ್ತಾರೆ. ನಮ್ಮ ದೇಶದಲ್ಲಿಯೇ ಬಿಹಾರದ ಮೋತಿಹಾರಿಯ ಕಡೆಯ ಮೊಹಮ್ಮದ್ ಸೈದುಲ್ಲಾ ಎಂಬವರು, 1975ರ ಪ್ರವಾಹದಲ್ಲಿ ದೋಣಿಯವನಿಗೆ ಕೂಲಿ ಕೊಟ್ಟು ದಾಟಬೇಕಾದ ಕಷ್ಟವನ್ನು ಕಂಡು, ಬೈಸಿಕಲ್ಲಿಗೆ ತೇಲುಡಬ್ಬಿಗಳನ್ನು ಕಟ್ಟಿ ನೆಲದ ಮೇಲೂ ನೀರಿನ ಮೇಲೂ ನಡೆಯುವ ವಾಹನವನ್ನು ಮಾಡಿದರು. 2005ರಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವು ಅವರನ್ನು ಗೌರವಿಸಿತು. ಅಮೆರಿಕದ ಹೋಬಿ ಎಂಬ ಕಂಪನಿಯು 1997ರಲ್ಲಿ, ನೀರಿನಲ್ಲಿ ಈಜುವ ಪೆಂಗ್ವಿನ್ ಹಕ್ಕಿಯ ರೆಕ್ಕೆಗಳಂತೆ ಆಡುವ ಎರಡು ರೆಕ್ಕೆಗಳನ್ನು ದೋಣಿಯ ಅಡಿಯಲ್ಲಿ ಕೂಡಿಸಿ, ಪೆಡಲಿನಿಂದ ಅವನ್ನು ಆಡಿಸುವ ಏರ್ಪಾಡನ್ನು ಮಾರಾಟಕ್ಕೆ ತಂದಿತು. ಆ ಮೇಲೆ ಬೇರೆ ಬೇರೆ ಕಾರ್ಖಾನೆಗಳು ತಿರುಗುವ ರೆಕ್ಕೆಚಕ್ರದ ದೋಣಿಗಳನ್ನೂ ಮಾಡಿದವು. ಹೀಗೆ ಈ ಯಂತ್ರವು ಕೇವಲ ವಿನೋದದ ವಸ್ತುವಲ್ಲ. ಒಬ್ಬನೇ ಮನುಷ್ಯನು ದೋಣಿಯನ್ನೂ ನಡೆಸಿ ಬಲೆಯನ್ನೂ ಎತ್ತುವುದು ಇದರಿಂದ ಸಾಧ್ಯ. ಹರಿಗೋಲಿನಲ್ಲಿಯಾದರೋ ಒಬ್ಬರು ಹುಟ್ಟು ಹಾಕಿದರೆ ಮತ್ತೊಬ್ಬರು ಬಲೆಯನ್ನು ಬಿಡಬೇಕು.

ಇಷ್ಟು ಗುಣವಿದ್ದರೂ ನಾನು ಕಂಡ ಒಂದು ಸಂಗತಿಯನ್ನು ಮುಚ್ಚಿಡಲಾರೆ. ನನ್ನ ಸರ್ಕಲ್ಲಿಗೆ ಸೇರಿದ ಒಂದು ಗ್ರಾಮದಲ್ಲಿ ಅನುಕೂಲವಂತರಾದ ಹಿಡುವಳಿದಾರರೊಬ್ಬರು ಇಂತಹ ದೋಣಿಯೊಂದನ್ನು ತರಿಸಿದರು. ತರಿಸುವ ಮೊದಲು ಅದರ ಚಿತ್ರವನ್ನು ನನಗೆ ತೋರಿಸಿ ಅಭಿಪ್ರಾಯವನ್ನು ಕೇಳಿದ್ದರು. ನಾನು ಬೆಲೆಯನ್ನು ನೋಡಿ, ‘ವಸ್ತು ಗಟ್ಟಿಯಾಗಿರುವಂತೆ ತೋರುತ್ತದೆ’ ಎಂದು ಹೇಳಿ ಸುಮ್ಮನಾದೆನು. ಅವರು ಆರು ಅಡಿಗೆ ಸಮೀಪದ ಆಳು. ದೋಣಿಯು ಅವರ ಮೈಗೆ ಹೇಳಿ ಮಾಡಿಸಿದಂತೆ ಇದ್ದಿತು. ನಾಲ್ಕು ದಿನ ತಾವೇ ತುಳಿದು ಸಂತೋಷಪಟ್ಟು, ಐದನೆಯ ದಿನ ಪಾಲಿಗೆ ಮೀನು ಹಿಡಿಯುವ ಒಬ್ಬ ಬೆಸ್ತನಿಗೆ ಅದನ್ನು ವಹಿಸಿಕೊಟ್ಟರು. ಅವನಾದರೋ ಐದು ಅಡಿಯ ಮೇಲೆ ಎರಡು ಅಂಗುಲದವನು. ಪೀಠವನ್ನು ಮುಂದಕ್ಕೆ ತರುವಷ್ಟು ತಂದರೂ ಅವನ ಕಾಲು ಪೆಡಲಿಗೆ ನಿಲುಕಲಿಲ್ಲ. ಬೆನ್ನಿಗೆ ಮಡಿಸಿದ ಗೋಣಿಚೀಲವನ್ನು ಕೊಟ್ಟುಕೊಂಡು, ಪೀಠದ ಅಂಚಿನಲ್ಲಿ ಕುಳಿತು ಹೇಗೋ ತುಳಿದನು. ಜೊತೆಗೆ ಬಂದಿದ್ದ ತೇಲುವ ಅಂಗಿಯು ಯಜಮಾನರ ಅಳತೆಯದು. ಅದು ಇವನ ಮೈಮೇಲೆ ನಿಲ್ಲದೆ ಕಿವಿಯವರೆಗೆ ಏರುತ್ತಿದ್ದುದರಿಂದ, ಅದನ್ನು ಬಿಚ್ಚಿ ಏರಿಯ ಮೇಲಿಟ್ಟು ಹೋದನು. ಆಷಾಢದ ಗಾಳಿ. ಒಂದು ಪಕ್ಕಕ್ಕೆ ಬಾಗಿ ಬಲೆಯನ್ನು ಎಳೆಯುತ್ತಿದ್ದಾಗ ಅಲೆಯೊಂದು ಬಂದು ದೋಣಿಯನ್ನು ಮಗುಚಿತು. ನೀರಿನೊಳಗೆ ನಿಂತಿದ್ದ ಜಾಲಿಯ ಕೊಂಬೆಯೊಂದು ಕೈಗೆ ಸಿಕ್ಕಿದ್ದರಿಂದ ಅವನ ಜೀವ ಉಳಿಯಿತು. ಬಲೆಯು ಹೋಯಿತು.

ಮಾರನೆಯ ದಿನ ಚಾವಡಿಯಲ್ಲಿ ಮಾತು ನಡೆಯಿತು. ದೋಣಿಗೆ ಗೀರು ಬಿದ್ದಿದೆ, ನಡೆಸಲು ಬಾರದವನು ಏಕೆ ಒಪ್ಪಿಕೊಂಡನು ಎಂದು ಯಜಮಾನರು ಹೇಳಿದರು. ಬೇಡವೆಂದರೆ ಪಾಲು ಹೋಗುತ್ತಿತ್ತು ಸ್ವಾಮಿ ಎಂದು ಬೆಸ್ತನು ಹೇಳಿದನು. ಈ ಒಂದು ಮಾತಿನಲ್ಲಿ ವಿಷಯವೆಲ್ಲವೂ ಅಡಗಿದೆ. ದೋಣಿಯನ್ನು ಕೊಳ್ಳುವವರು ಒಬ್ಬರು, ಅದರಲ್ಲಿ ಕೂರುವವನು ಮತ್ತೊಬ್ಬನು. ಕೂರುವವನಿಗೆ ಬೇಡವೆನ್ನುವ ಸ್ವಾತಂತ್ರ್ಯವಿಲ್ಲ. ಅಂತಹ ಕಡೆಯಲ್ಲಿ ಅಳತೆಯ ತಪ್ಪು ಕೊಂಡವರದೇ ಹೊರತು ಮುಳುಗಿದವನದಲ್ಲ. ನಾನು ಅಂದು ಹೀಗೆಯೇ ಹೇಳಿದೆನು. ಕೇಳಿದಾಗ ಬೆಲೆಯನ್ನು ಮಾತ್ರ ನೋಡಿದ ನನ್ನ ತಪ್ಪನ್ನೂ ಒಪ್ಪಿಕೊಂಡೆನು. ಯಜಮಾನರು ದೊಡ್ಡ ಮನಸ್ಸಿನವರು. ಹೊಸ ಬಲೆಯನ್ನು ತೆಗೆಸಿಕೊಟ್ಟರು. ಬೆಸ್ತನು ತನ್ನ ಹಳೆಯ ಹರಿಗೋಲಿಗೇ ಮರಳಿದನು. ಅವನದು ತಪ್ಪೆಂದು ನಾನು ಹೇಳಲಾರೆನು.

ಆದಕಾರಣ ಇಂತಹ ದೋಣಿಯನ್ನು ಕೊಳ್ಳಬೇಕೆಂದಿರುವವರು ಗಮನಿಸತಕ್ಕ ಅಂಶಗಳನ್ನು ಕೆಳಗೆ ಕ್ರಮವಾಗಿ ವಿವರಿಸಿದೆ.

ಮೊದಲನೆಯದಾಗಿ, ಭಾರ. ಪ್ರತಿಯೊಂದು ದೋಣಿಯೂ ಇಂತಿಷ್ಟು ಕಿಲೋ ಹೊರಬಲ್ಲದೆಂದು ಅದರ ಮೇಲೆ ಬರೆದಿರುತ್ತದೆ. ಅದು ತೇಲುವುದಕ್ಕೆ ಇರುವ ಕಡೆಯ ಮಿತಿಯೇ ಹೊರತು ನೆಮ್ಮದಿಯಾಗಿ ಕೆಲಸ ಮಾಡುವ ಮಿತಿಯಲ್ಲ. ಬಂಡಿಯು ಹೊರಬಲ್ಲಷ್ಟನ್ನೂ ಹೇರಿ ಏರು ಹತ್ತಿಸುವವನು ಹೇಗೆ ಜಾಣನಲ್ಲವೋ ಹಾಗೆಯೇ ಇದೂ. ಲೆಕ್ಕವು ಹೀಗೆ: ಆಳಿನ ತೂಕ 60 ಕಿಲೋ, ಬಟ್ಟೆ, ತೇಲುವ ಅಂಗಿ, ಕುಡಿಯುವ ನೀರು 5 ಕಿಲೋ, ನೆನೆದ ಬಲೆ 15 ಕಿಲೋ, ಹಿಡಿದ ಮೀನು 25 ಕಿಲೋ, ಒಟ್ಟು 105 ಕಿಲೋ. ಇದಕ್ಕೆ ಇದರ ಅರ್ಧವನ್ನು ಕೂಡಿಸಿರಿ. ಸುಮಾರು 160 ಕಿಲೋ ಹೊರುವ ದೋಣಿಯು ಈ ಆಳಿಗೆ ತಕ್ಕುದು. ಬಲೆಯನ್ನು ಒಣಗಿದಾಗ ತೂಗಿ ಲೆಕ್ಕ ಹಾಕಬಾರದು. ನೀರು ಕುಡಿದ ಬಲೆಯು ಬೇರೆಯೇ ತೂಕದ್ದು. ಪೆಡಲಿನ ಯಂತ್ರವು ದೋಣಿಯ ತೂಕದಲ್ಲಿ ಸೇರಿದೆಯೇ ಇಲ್ಲವೇ ಎಂಬುದನ್ನು ಮಾರುವವನಿಂದ ಕೇಳಿ ತಿಳಿಯಬೇಕು. ಮೇಲೆ ಕೂರುವ ಬಗೆಯ ದೋಣಿಗಳಲ್ಲಿ, ಬಿದ್ದ ನೀರು ಹರಿದುಹೋಗಲೆಂದು ಅಡಿಯವರೆಗೆ ತೂತುಗಳಿರುತ್ತವೆ. ನಿಂತ ನೀರಿನಲ್ಲಿ ಕುಳಿತಾಗ ಆ ತೂತುಗಳಿಂದ ನೀರು ಮೇಲಕ್ಕೆ ಉಕ್ಕಿ ಪೀಠದ ಸುತ್ತ ನಿಂತರೆ, ಭಾರವು ಹೆಚ್ಚಾಯಿತೆಂದು ತಿಳಿಯತಕ್ಕದ್ದು. ಇದಕ್ಕಿಂತ ಸುಲಭವಾದ ಪರೀಕ್ಷೆಯು ಬೇರೊಂದಿಲ್ಲ.

ಎರಡನೆಯದಾಗಿ, ಕಾಲಿನ ಉದ್ದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮಲ್ಲಿ ಗಾದೆಯಿದೆ. ತುಳಿದೋಣಿಯ ವಿಷಯದಲ್ಲಿ ಮಾತ್ರ ಈ ಗಾದೆಯು ತಲೆಕೆಳಗಾಗುತ್ತದೆ. ಕಾಲು ಇದ್ದಷ್ಟಕ್ಕೆ ದೋಣಿಯನ್ನು ಹುಡುಕಬೇಕು. ಬೆನ್ನು ಪೀಠಕ್ಕೆ ಪೂರಾ ಒರಗಿರಬೇಕು. ಪೆಡಲನ್ನು ಕೊನೆಯವರೆಗೆ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿಯೇ ಇರಬೇಕು. ಕಾಲು ಪೂರ್ತಿ ನೆಟ್ಟಗಾದರೆ ಸೊಂಟವು ಎಡಬಲಕ್ಕೆ ಜಾರುತ್ತದೆ. ಸೊಂಟವು ಜಾರಿದರೆ ದೋಣಿಯೂ ಓಲಾಡುತ್ತದೆ. ಮೊಣಕಾಲು ಎದೆಯ ಕಡೆಗೆ ಬಂದು ತಗುಲುವಂತಿದ್ದರೆ ಅರ್ಧ ಗಂಟೆಯಲ್ಲಿ ಕೀಲು ನೋಯುತ್ತದೆ. ಪೀಠವನ್ನಾಗಲಿ ಪೆಡಲನ್ನಾಗಲಿ ಹಿಂದೆ ಮುಂದೆ ಸರಿಸುವ ಏರ್ಪಾಡು ಎಲ್ಲ ದೋಣಿಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಒಂದು ದೋಣಿಯಲ್ಲಿ ಇಬ್ಬರು ಮೂವರು ಸರದಿಯ ಮೇಲೆ ದುಡಿಯುವುದಾದರೆ, ಅತಿ ಗಿಡ್ಡನಾದವನನ್ನೂ ಅತಿ ಎತ್ತರದವನನ್ನೂ ಕೂರಿಸಿ ನೋಡಿಯೇ ಕೊಳ್ಳಬೇಕು. ಗೋಣಿಚೀಲವನ್ನು ಬೆನ್ನಿಗೆ ಕೊಟ್ಟು ಸರಿಮಾಡಿಕೊಳ್ಳುವೆವೆಂಬ ಮಾತನ್ನು ಎಂದಿಗೂ ಒಪ್ಪಬಾರದು.

ಮೂರನೆಯದಾಗಿ, ಉದ್ದ ಮತ್ತು ಅಗಲ. ಉದ್ದವಾಗಿ ಕಿರಿದಾಗಿರುವ ದೋಣಿಯು ವೇಗವಾಗಿ ನೆಟ್ಟಗೆ ಹೋಗುತ್ತದೆ. ಅಗಲವಾದುದು ನಿಧಾನವಾದರೂ ಸುಲಭವಾಗಿ ಮಗುಚುವುದಿಲ್ಲ. ಬಲೆಯನ್ನು ಎಳೆಯುವವನಿಗೆ ವೇಗಕ್ಕಿಂತ ನಿಲುವು ಮುಖ್ಯ. ಸುಮಾರು 33ರಿಂದ 36 ಅಂಗುಲದ ಅಗಲವಿರುವುದನ್ನು ಆರಿಸಿದರೆ ಒಳ್ಳೆಯದು. ಸಣ್ಣ ಕೆರೆಗಳಿಗೆ 10ರಿಂದ 11 ಅಡಿಯ ಉದ್ದವು ಸಾಕು. ಗಿಡಗಂಟಿಗಳ ನಡುವೆ ತಿರುಗಿಸಲು ಅದೇ ಅನುಕೂಲ. ವಾಣಿವಿಲಾಸ ಸಾಗರದಂತಹ ವಿಸ್ತಾರವಾದ ನೀರಿನಲ್ಲಿ ದೂರ ಹೋಗಿ ಬರುವವರಿಗೆ 12ರಿಂದ 13 ಅಡಿಯದು ಬೇಕಾಗುತ್ತದೆ. ತೂಕದ ಆಳು ಕಿರಿದಾದ ದೋಣಿಯಲ್ಲಿ ಕುಳಿತರೆ ಅವನ ಭಾರವು ಮೇಲಕ್ಕೆ ನಿಂತು ತಕ್ಕಡಿಯಂತೆ ತೂಗುತ್ತದೆ. ಹಗುರಾದ ಆಳು ಅತಿ ಅಗಲವಾದ ದೋಣಿಯಲ್ಲಿ ಕುಳಿತರೆ ಎದುರುಗಾಳಿಯಲ್ಲಿ ಅದನ್ನು ಎಳೆದೇ ಸೋತುಹೋಗುತ್ತಾನೆ. ಎರಡೂ ತಪ್ಪು. ಎತ್ತರದ ಪೀಠದಲ್ಲಿ ಕುಳಿತರೆ ನೋಟವು ಚೆನ್ನಾಗಿದ್ದು ಬೆನ್ನಿಗೆ ಸುಖವೆನಿಸಿದರೂ, ಪೀಠವು ಏರಿದಷ್ಟೂ ದೋಣಿಯು ಓಲಾಡುವುದು ಹೆಚ್ಚುತ್ತದೆಂಬುದನ್ನು ನೆನಪಿನಲ್ಲಿಡಬೇಕು.

ನಾಲ್ಕನೆಯದಾಗಿ, ನೀರಿಗೆ ತಕ್ಕ ಯಂತ್ರ. ಬೈಸಿಕಲ್ಲಿನಂತೆ ಸುತ್ತ ತುಳಿಯುವ ಬಗೆಯಲ್ಲಿ ದೋಣಿಯ ಅಡಿಯಲ್ಲಿ ರೆಕ್ಕೆಚಕ್ರವು ತಿರುಗುತ್ತದೆ. ಇದರ ದೊಡ್ಡ ಗುಣವೆಂದರೆ, ಹಿಂದಕ್ಕೆ ತುಳಿದರೆ ದೋಣಿಯು ಕೂಡಲೇ ಹಿಂದಕ್ಕೆ ಬರುತ್ತದೆ. ಬಲೆಯ ಬಳಿ ನಿಲ್ಲಿಸಿಕೊಳ್ಳಲು ಇದು ಅನುಕೂಲ. ದೋಷವೆಂದರೆ, ಅದಕ್ಕೆ ಒಂದೂವರೆ ಅಡಿಯಾದರೂ ನೀರು ಬೇಕು. ಜೊಂಡು ಪಾಚಿಗಳೂ ಸ್ವಂತ ಬಲೆಯ ದಾರವೂ ಅದಕ್ಕೆ ಸುತ್ತಿಕೊಳ್ಳುತ್ತವೆ. ಒಂದಾದ ಮೇಲೊಂದು ಕಾಲನ್ನು ಮುಂದಕ್ಕೆ ಒತ್ತುವ ಬಗೆಯಲ್ಲಿ ಎರಡು ರೆಕ್ಕೆಗಳು ಎಡಬಲಕ್ಕೆ ಬೀಸುತ್ತವೆ. ಒಂದು ಪೆಡಲನ್ನು ಪೂರ್ತಿ ಮುಂದಕ್ಕೆ ಒತ್ತಿ ಹಿಡಿದರೆ ರೆಕ್ಕೆಗಳು ದೋಣಿಯ ತಳಕ್ಕೆ ಅಂಟಿದಂತೆ ಮಡಿಸಿಕೊಳ್ಳುವುದರಿಂದ, ತೆಳುವಾದ ನೀರಿನಲ್ಲಿಯೂ ಕಳೆಯ ಮೇಲೂ ಜಾರಿಹೋಗಬಹುದು. ಆದರೆ ಈ ಬಗೆಯ ಹಳೆಯ ಮಾದರಿಗಳಲ್ಲಿ ಹಿಂದಕ್ಕೆ ಬರುವ ಉಪಾಯವಿಲ್ಲ. ಹೊಸ ಮಾದರಿಗಳಲ್ಲಿ ಕೆಲವಕ್ಕೆ ಮಾತ್ರ ಉಂಟು. ಯಾವ ಬಗೆಯಾದರೂ ಒಂದು ಕೈಹುಟ್ಟನ್ನು ದೋಣಿಗೆ ಕಟ್ಟಿಯೇ ಇಟ್ಟಿರಬೇಕು. ಯಂತ್ರವು ಕೆಟ್ಟಾಗ ದಡಕ್ಕೆ ತರುವುದು ಅದೇ.

ನಮ್ಮ ಸೀಮೆಯ ಕೆರೆಗಳಿಗೆ ಇನ್ನೊಂದು ಶತ್ರುವುಂಟು, ಅದು ಬಳ್ಳಾರಿ ಜಾಲಿ. ಕೆರೆಯು ಒಣಗಿರುವ ವರ್ಷಗಳಲ್ಲಿ ಅಂಗಳದ ತುಂಬ ಜಾಲಿಯು ಬೆಳೆದು ನಿಲ್ಲುತ್ತದೆ. ಕೆರೆಯು ತುಂಬಿದಾಗ ಆ ಮುಳ್ಳಿನ ತಲೆಗಳು ನೀರಿನ ಕೆಳಗೆ ಕಣ್ಣಿಗೆ ಕಾಣದೆ ಕಾದಿರುತ್ತವೆ. ರೆಕ್ಕೆಯು ಅಲ್ಲಿ ಸಿಕ್ಕಿಕೊಂಡರೆ ದೋಣಿಯು ತಟ್ಟನೆ ನಿಂತು, ಕುಳಿತವನು ಮುಂದಕ್ಕೆ ಮುಗ್ಗರಿಸುತ್ತಾನೆ. ಆದುದರಿಂದ ಜಾಲಿಯನ್ನು ಕಡಿಯದೆ ತುಂಬಿದ ಕೆರೆಗೆ ಯಾವ ತುಳಿದೋಣಿಯನ್ನೂ ಇಳಿಸಬಾರದೆಂಬುದು ನನ್ನ ಅಭಿಪ್ರಾಯ. ಬೇಸಗೆಯಲ್ಲಿ ಊರವರನ್ನು ಸೇರಿಸಿ ಅಂಗಳದ ಜಾಲಿಯನ್ನು ಬೇರುಸಹಿತ ಕೀಳಿಸಿದ ಮುಖಂಡರು, ದೋಣಿಗೂ ಬಲೆಗೂ ಕೆರೆಗೂ ಒಂದೇ ಕೆಲಸದಿಂದ ಉಪಕಾರ ಮಾಡಿದವರಾಗುತ್ತಾರೆ.

ಗಾಳಿಯ ವಿಷಯವನ್ನು ಇಲ್ಲಿನವರಿಗೆ ಹೇಳಬೇಕಾದುದಿಲ್ಲ. ಚಿತ್ರದುರ್ಗ ಹಿರಿಯೂರುಗಳ ಗುಡ್ಡಗಳ ಮೇಲೆ ವಿದ್ಯುತ್ತನ್ನು ಹುಟ್ಟಿಸುವ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆಷಾಢ ಶ್ರಾವಣಗಳಲ್ಲಿ ಹೊತ್ತು ಏರಿದಂತೆಲ್ಲ ಗಾಳಿಯೂ ಏರುತ್ತದೆ. ಹೋಗುವಾಗ ಗಾಳಿಯನ್ನು ಎದುರಿಸಿ ಹೋಗಿ, ದಣಿದು ಹಿಂದಿರುಗುವಾಗ ಗಾಳಿಯು ಬೆನ್ನಿಗೆ ಬರುವಂತೆ ದಾರಿಯನ್ನು ಆರಿಸಿಕೊಳ್ಳುವವನೇ ಬುದ್ಧಿವಂತ. ಗುಡ್ಡದ ಯಂತ್ರಗಳ ರೆಕ್ಕೆಗಳು ಭರದಿಂದ ತಿರುಗುತ್ತಿದ್ದರೆ, ಆ ದಿನ ತುಳಿದೋಣಿಯು ಮನೆಯಲ್ಲಿಯೇ ಇರಲಿ.

ಐದನೆಯದಾಗಿ, ಹೊರುವುದು ಮತ್ತು ಇಡುವುದು. ಹರಿಗೋಲನ್ನು ಒಬ್ಬನೇ ಬೆನ್ನಿನ ಮೇಲೆ ಕವುಚಿಕೊಂಡು ಆಮೆಯಂತೆ ನಡೆದುಹೋಗುತ್ತಾನೆ. ತುಳಿದೋಣಿಯಾದರೋ ಯಂತ್ರ ಪೀಠಗಳು ಸೇರಿ 40ರಿಂದ 50 ಕಿಲೋ ತೂಗುತ್ತದೆ. ಕೆಲವು ಇನ್ನೂ ಹೆಚ್ಚು. ಏರಿಯಿಂದ ನೀರಿನವರೆಗೆ ಇಬ್ಬರು ಹೊರಬೇಕು, ಇಲ್ಲವೇ ಎರಡು ಗಾಲಿಯ ಸಣ್ಣ ಗಾಡಿಯು ಬೇಕು. ಒಬ್ಬನೇ ಮೀನು ಹಿಡಿಯಬಹುದೆಂದು ಕೊಂಡ ದೋಣಿಯನ್ನು ಎತ್ತಲು ಇಬ್ಬರು ಬೇಕಾದರೆ, ಉಳಿತಾಯವೆಲ್ಲಿ ಬಂದಿತು? ಆದುದರಿಂದ ಗಾಡಿಯ ಬೆಲೆಯನ್ನೂ ದೋಣಿಯ ಬೆಲೆಯಲ್ಲಿ ಸೇರಿಸಿಯೇ ಯೋಚಿಸತಕ್ಕದ್ದು. ಈ ದೋಣಿಗಳಲ್ಲಿ ಹೆಚ್ಚಿನವು ಪಾಲಿಥೀನಿನಿಂದ ಆದುವು. ನಮ್ಮ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಬಣ್ಣವು ಮಾಸಿ, ಮೈ ಪೆಡಸಾಗಿ, ಬಿರುಕು ಬಿಡುತ್ತದೆ. ಬಿಗಿಯಾಗಿ ಕಟ್ಟಿಹಾಕಿದರೆ ಕಾವಿಗೆ ತಳವು ತಗ್ಗುಬಿದ್ದು ಸೊಟ್ಟಗಾಗುತ್ತದೆ. ಕೊಟ್ಟಿಗೆಯ ನೆರಳಿನಲ್ಲಿ, ಹುಲ್ಲಿನ ಮೆತ್ತೆಯ ಮೇಲೆ, ಒಂದು ಮಗ್ಗುಲಾಗಿಯಾಗಲಿ ಕವುಚಿಯಾಗಲಿ ಇಡಬೇಕು. ಪ್ರತಿ ದಿನವೂ ಯಂತ್ರವನ್ನು ಬಿಚ್ಚಿ, ಕೆಸರನ್ನು ತೊಳೆದು, ಹೇಳಿದ ಎಣ್ಣೆಯನ್ನು ಬಿಡಬೇಕು. ನೀರಿಗೆ ಇಳಿಸುವ ಮುನ್ನ ಹೊಟ್ಟೆಯ ಬಿರಡೆಯನ್ನು ಬಿಗಿದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು. ಬಿರಡೆಯನ್ನು ಮರೆತರೆ ಒಳಗೆ ನೀರು ತುಂಬುವುದು ಕುಳಿತವನಿಗೆ ತಿಳಿಯುವುದೇ ಇಲ್ಲ. ಬಿಡಿಭಾಗಗಳು ಎಲ್ಲಿ ಸಿಕ್ಕುತ್ತವೆಂಬುದನ್ನು ಹಣ ಕೊಡುವ ಮೊದಲೇ ಕೇಳಿರಿ. ಹರಿಗೋಲಿಗೆ ತೂತು ಬಿದ್ದರೆ ಸಂಜೆಯೊಳಗಾಗಿ ಡಾಂಬರು ಬಳಿದು ಮುಚ್ಚಬಹುದು; ಪೆಡಲಿನ ಹಲ್ಲುಗಾಲಿಯು ಮುರಿದರೆ ಊರ ಕಮ್ಮಾರನಿಂದ ಆಗತಕ್ಕ ಕೆಲಸವಲ್ಲ.

ಆರನೆಯದಾಗಿ, ತೇಲುವ ಅಂಗಿ. ಇದನ್ನು ದೋಣಿಯ ಅಲಂಕಾರವೆಂದು ತಿಳಿಯಬಾರದು. ಎದೆಯ ಸುತ್ತಳತೆಗೂ ಮೈತೂಕಕ್ಕೂ ಸರಿಯಾಗಿ ಆರಿಸಬೇಕು. ತೊಟ್ಟ ಮೇಲೆ ಎರಡು ಹೆಗಲುಗಳನ್ನು ಹಿಡಿದು ಮೇಲಕ್ಕೆ ಎಳೆದರೆ ಅದು ಗಲ್ಲವನ್ನು ದಾಟಿ ಏರಬಾರದು. ಪೀಠದ ಕೆಳಗೆ ಇಟ್ಟ ಅಂಗಿಯೂ ಏರಿಯ ಮೇಲೆ ಬಿಟ್ಟ ಅಂಗಿಯೂ ಒಂದೇ. ದೋಣಿಯಲ್ಲಿ ಕೂರುವ ಪ್ರತಿಯೊಬ್ಬನಿಗೂ ಅವನವನ ಅಳತೆಯ ಅಂಗಿಯು ಇಲ್ಲದಿದ್ದರೆ ದೋಣಿಯನ್ನು ಕೊಳ್ಳುವುದೇ ಬೇಡ. ಈಜು ಬಲ್ಲವನಿಗೆ ಇದು ಬೇಡವೆಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಕಾಲಿಗೆ ಬಲೆಯು ಸುತ್ತಿಕೊಂಡಾಗ ಈಜು ಬಲ್ಲವನೂ ಬಾರದವನೂ ಒಂದೇ.

ಇನ್ನು ಇಂತಹ ದೋಣಿಯು ಯಾರಿಗೆ ಬೇಡವೆಂಬುದನ್ನೂ ಹೇಳಿಬಿಡುತ್ತೇನೆ. 2014ರ ಕೃಷಿಭಾಗ್ಯ ಯೋಜನೆಯ ಕಾಲದಿಂದ ನಮ್ಮ ಹೊಲಗಳಲ್ಲಿ ಅನೇಕ ಕೃಷಿ ಹೊಂಡಗಳಾಗಿವೆ. ಕೆಲವರು ಅವುಗಳಲ್ಲಿ ಮೀನನ್ನೂ ಸಾಕುತ್ತಾರೆ. ಅಲ್ಲಿಗೆ ದೋಣಿಯೇ ಬೇಡ. ದಡದಲ್ಲಿ ನಿಂತು ಎರಡು ಕಡೆಯಿಂದ ಬಲೆಯನ್ನು ಎಳೆದರೆ ಸಾಕು. ದೋಣಿಯ ರೆಕ್ಕೆಯು ತಗುಲಿ ಹಾಸಿದ ಪ್ಲಾಸ್ಟಿಕ್ ಹಾಳೆಯು ಹರಿದರೆ ನೀರೂ ಹೋಯಿತು, ಮೀನೂ ಹೋಯಿತು. ಆ ಹಾಳೆಯ ಇಳಿಜಾರು ಪಾಚಿಗಟ್ಟಿ, ಬಿದ್ದವರು ಹತ್ತಿ ಬರಲಾರದಂತೆ ಜಾರುತ್ತದೆ. ಆದಕಾರಣ ಗಂಟುಗಳನ್ನು ಹಾಕಿದ ಹಗ್ಗವೊಂದನ್ನು ದಡದ ಗೂಟಕ್ಕೆ ಬಿಗಿದು ನೀರಿಗೆ ಇಳಿಬಿಟ್ಟಿರಬೇಕು, ಸುತ್ತಲೂ ಬೇಲಿಯು ಇರಬೇಕು. ಮಳೆಗಾಲದ ನಾಲ್ಕು ತಿಂಗಳು ಮಾತ್ರ ನೀರು ನಿಲ್ಲುವ ಸಣ್ಣ ಕೆರೆಗಳಿಗೂ, ಸೊಂಟದವರೆಗೆ ನೀರಿರುವ ಕಡೆಗೂ ಹರಿಗೋಲೇ ಲೇಸು. ಅದು ಕೆಲವೇ ಅಂಗುಲ ನೀರಿನಲ್ಲಿ ತೇಲುತ್ತದೆ, ಬೆಲೆಯು ಅಲ್ಪ, ರಿಪೇರಿಯು ಊರಲ್ಲೇ ಆಗುತ್ತದೆ. ಹಳೆಯದೆಂಬ ಒಂದೇ ಕಾರಣದಿಂದ ಅದನ್ನು ಬಿಡುವುದು, ಹೊಸದೆಂಬ ಒಂದೇ ಕಾರಣದಿಂದ ತುಳಿದೋಣಿಯನ್ನು ಹಿಡಿಯುವುದು, ಎರಡೂ ವಿವೇಕವಲ್ಲ. ವರ್ಷದ ಹೆಚ್ಚು ಕಾಲ ಆಳವಾದ ವಿಸ್ತಾರವಾದ ನೀರು ಇರುವ ಕಡೆಯಲ್ಲಿ, ಅಪ್ಪಣೆಯನ್ನು ಪಡೆದು, ದೂರ ಹೋಗಿ ಒಬ್ಬನೇ ಬಲೆಯನ್ನಾಗಲಿ ಗಾಳವನ್ನಾಗಲಿ ನಡೆಸುವವನಿಗೆ, ಅದರಲ್ಲಿಯೂ ತೋಳು ಹೆಗಲುಗಳ ನೋವಿನಿಂದ ಹುಟ್ಟು ಹಾಕಲಾರದವನಿಗೆ, ತುಳಿದೋಣಿಯು ನಿಜವಾಗಿಯೂ ಉಪಕಾರಿಯಾದುದು. ಮಿಕ್ಕವರಿಗೆ ಅದು ಕೊಟ್ಟಿಗೆಯ ಜಾಗವನ್ನು ತಿನ್ನುವ ವಸ್ತು.

ಗ್ರಾಮದ ಮುಖಂಡರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ತಮ್ಮ ಊರಿನಲ್ಲಿ ಸಂಘದವರಾಗಲಿ ಭೂಮಾಲೀಕರಾಗಲಿ ಇಂತಹ ದೋಣಿಯನ್ನು ತರಿಸಲು ಹೊರಟರೆ, ಹಣವನ್ನು ಕಳುಹಿಸುವ ಮೊದಲು ಅದರಲ್ಲಿ ಕೂರತಕ್ಕ ಆಳನ್ನು ಕರೆಸಿ, ಅವನ ಎತ್ತರ, ತೂಕ, ಸೊಂಟದಿಂದ ಅಂಗಾಲಿನವರೆಗಿನ ಉದ್ದ, ಎದೆಯ ಸುತ್ತಳತೆ ಈ ನಾಲ್ಕನ್ನು ಬರೆಯಿಸಿರಿ. ದೋಣಿಯು ಬಂದ ಮೇಲೆ ಗಾಳಿಯಿಲ್ಲದ ಬೆಳಗಿನ ಹೊತ್ತು, ಎದೆಯ ಮಟ್ಟವನ್ನು ಮೀರದ ನೀರಿನಲ್ಲಿ ಪರೀಕ್ಷೆಯನ್ನು ನಡೆಸಿರಿ. ಮೊದಲು ಬಲೆ ಮೀನುಗಳ ತೂಕದಷ್ಟು ಮರಳಿನ ಚೀಲಗಳನ್ನು ಹೇರಿ, ಆಳನ್ನು ಕೂರಿಸಿ, ತೂತುಗಳಿಂದ ನೀರು ಉಕ್ಕುವುದೇ ನೋಡಿರಿ. ಅನಂತರ ಒಂದು ಪಕ್ಕಕ್ಕೆ ಬಾಗಿ ಬಲೆಯನ್ನು ಎಳೆಯುವಂತೆ ಮಾಡಿಸಿರಿ. ಕಡೆಯಲ್ಲಿ ಚೀಲಗಳನ್ನು ಇಳಿಸಿ, ಅಂಗಿಯನ್ನು ತೊಡಿಸಿ, ಬೇಕೆಂದೇ ದೋಣಿಯನ್ನು ಮಗುಚಿ, ಅವನು ಅದನ್ನು ಮತ್ತೆ ತಿರುಗಿಸಿ ತಾನಾಗಿಯೇ ಹತ್ತುವನೇ ಎಂದು ನೋಡಿರಿ. ಮೇಲೆ ಕೂರುವ ಬಗೆಯ ದೋಣಿಯು ಒಡೆಯದಿದ್ದರೆ ಮಗುಚಿದರೂ ಮುಳುಗುವುದಿಲ್ಲ. ಅದನ್ನು ಬಿಡದೆ ಹಿಡಿದು ಹತ್ತುವ ಅಭ್ಯಾಸವೇ ಪ್ರಾಣವನ್ನು ಉಳಿಸತಕ್ಕದ್ದು. ಈ ಮೂರು ಪರೀಕ್ಷೆಗಳಲ್ಲಿ ಗೆಲ್ಲದ ಆಳನ್ನು ಕೂಲಿಯ ಆಸೆ ತೋರಿಸಿಯಾಗಲಿ ಪಾಲಿನ ಭಯ ತೋರಿಸಿಯಾಗಲಿ ಆಳವಾದ ನೀರಿಗೆ ಕಳುಹಿಸಬಾರದು. ದೋಣಿಯು ತನಗೆ ಒಗ್ಗುವುದಿಲ್ಲವೆಂದು ಅವನು ಹೇಳಿದರೆ, ಅದರಿಂದ ಅವನ ಪಾಲಿಗೆ ಕುಂದು ಬಾರದೆಂದು ಮುಖಂಡರು ಮೊದಲೇ ನಾಲ್ಕು ಜನರ ಎದುರಿಗೆ ಮಾತು ಕೊಡಿಸಬೇಕು.

ಎತ್ತು ಬಾಯಿಲ್ಲದ ಪ್ರಾಣಿಯಾದರೂ ನೊಗವು ಒತ್ತಿದರೆ ಹೆಗಲಿನ ಹುಣ್ಣು ನಮಗೆ ಹೇಳುತ್ತದೆ. ನಾವು ಕೂಡಲೇ ನೊಗವನ್ನು ಬದಲಾಯಿಸುತ್ತೇವೆ. ಬಾಯಿದ್ದೂ ಆಡಲಾರದ ಆಳಿಗೆ ಅಷ್ಟು ದಯೆಯನ್ನಾದರೂ ತೋರಿಸುವುದು ನಮ್ಮ ಕರ್ತವ್ಯವಲ್ಲವೇ? ಕೆರೆಗಳು ತುಂಬಿರುವ ವರ್ಷಗಳು ನಮ್ಮ ಸೀಮೆಗೆ ಅಪರೂಪವಾಗಿ ಬರುತ್ತವೆ. ಆ ನೀರಿನಿಂದ ಊರಿಗೆ ಮೀನು ಬರಲಿ, ಮೀನಿನಿಂದ ಮನೆಗೆ ಹಣ ಬರಲಿ. ನೀರಿಗೆ ಇಳಿದವನು ಸಂಜೆಗೆ ಮನೆಗೆ ಬರಲಿ. ದೋಣಿಯನ್ನು ಅವನ ಮೈಗೆ ಅಳೆದು ಕೊಂಡರೆ ಈ ಮೂರೂ ಕೈಗೂಡುವುದರಲ್ಲಿ ಸಂದೇಹವಿಲ್ಲ.